ನೀವು ರೊಟ್ಟಿ ಬಡದೀರೇನ್ರೀ ಸರ್?

ಎಂಟನೇ ತರಗತಿಯಲ್ಲಿ ಪಿಷ್ಟದ ಪಾಠ ನಡೆದಿತ್ತು. ಆಲೂಗಡ್ಡೆ ಹೋಳಿನ ಮೇಲೆ ಅಯೋಡಿನ್ ಹನಿ ಹಾಕಿ, ಅದು ಕಪ್ಪು-ನೀಲಿ ಆಗುವುದನ್ನು ತೋರಿಸಿ ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು.

‘ಸರ್, ಚಪಾತಿ ಲಟ್ಟಿಸ್ತಾರ. ರೊಟ್ಟಿ ಯಾಕ ಬಡೀತಾರ್ರೀ?’

ಗೊತ್ತಿದ್ದ ಪ್ರಶ್ನೆಯೇ. ಗೋಧಿಯಲ್ಲಿ ಗ್ಲುಟೆನ್ ಇದೆ, ಜೋಳದಲ್ಲಿ ಇಲ್ಲ, ಅದಕ್ಕೆ ಅಂದೆ. ಬೋರ್ಡಿನ ಮೇಲೆ ಬರೆದೆ ಕೂಡ. ಅವಳು ಬರೆದುಕೊಳ್ಳಲಿಲ್ಲ.

‘ಅದು ಇಲ್ಲಂದ್ರ ರೊಟ್ಟಿ ಹರೀಬೇಕಲ್ರೀ. ನಮ್ಮವ್ವ ಬಡದ್ರ ಹರಿಯಂಗಿಲ್ಲ. ನೀವು ಬಡದೀರೇನ್ರೀ ಸರ್?’

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಬಾಗಲಕೋಟೆಯಲ್ಲಿ ಹುಟ್ಟಿ ಬೆಳೆದವನು, ದಿನಾ ಎರಡು ಹೊತ್ತು ರೊಟ್ಟಿ ತಿನ್ನುವವನು, ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಹೇಳುವವನು. ಒಂದು ದಿನವೂ ಹಿಟ್ಟಿಗೆ ಕೈ ಹಾಕಿರಲಿಲ್ಲ.

ಆ ಶನಿವಾರ ಸಂಜೆ ಶುರು ಮಾಡಿದೆ. ಮೊದಲು ಮಾಡಿದ್ದು ರೊಟ್ಟಿಯಲ್ಲ, ಹಿಟ್ಟು ತೊಳೆಯುವ ಕೆಲಸ. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಒಂದು ಮುಷ್ಟಿ ಗೋಧಿ ಹಿಟ್ಟನ್ನು ಗಟ್ಟಿಯಾಗಿ ನಾದಿ ಅರ್ಧ ಗಂಟೆ ಬಿಟ್ಟೆ. ಆಮೇಲೆ ಬೋಗುಣಿ ನೀರಿನಲ್ಲಿ ಮೆತ್ತಗೆ ಹಿಸುಕುತ್ತಾ ಹೋದೆ. ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಅದು ಪಿಷ್ಟ. ನಾಲ್ಕೈದು ಸಲ ನೀರು ಬದಲಿಸಿದ ಮೇಲೆ ಕೈಯಲ್ಲಿ ಉಳಿದದ್ದು ಬೂದು ಬಣ್ಣದ ಒಂದು ಮುದ್ದೆ, ಥೇಟ್ ಅಗಿದು ಉಗಿದ ಚೂಯಿಂಗ್ ಗಮ್. ಎಳೆದರೆ ಉದ್ದ ಬರುತ್ತದೆ, ಬಿಟ್ಟರೆ ಹಿಂದಕ್ಕೆ ಹೋಗುತ್ತದೆ. ಇದೇ ಗ್ಲುಟೆನ್, ಗೋಧಿಯ ಪ್ರೋಟೀನು ನೀರಿನಲ್ಲಿ ನೆನೆದು ಹೆಣೆದುಕೊಂಡ ಬಲೆ. ಚಪಾತಿಯನ್ನು ಲಟ್ಟಣಿಗೆ ಎಷ್ಟು ಎಳೆದರೂ ಹರಿಯದ ಹಾಗೆ ಹಿಡಿಯುವುದು ಈ ಬಲೆ.

ಜೋಳದ ಹಿಟ್ಟಿಗೂ ಅದನ್ನೇ ಮಾಡಿದೆ. ಎರಡನೇ ನೀರಿಗೇ ಕೈ ಖಾಲಿ. ಜೋಳದಲ್ಲೂ ಪ್ರೋಟೀನು ಇದೆ, ಕಡಿಮೆಯೇನಿಲ್ಲ. ಅದರಲ್ಲಿ ಜಾಸ್ತಿ ಪಾಲು ಕಾಫಿರಿನ್ ಅನ್ನುವಂಥದ್ದು. ಆದರೆ ಅದು ಸಣ್ಣ ಸಣ್ಣ ಗುಳಿಗೆಗಳ ಹಾಗೆ ಕಾಳಿನೊಳಗೆ ಮುಚ್ಚಿಕೊಂಡು ಕೂತಿರುತ್ತದೆ. ನೀರು ಹಾಕಿ ನಾದಿದರೆ ಬಿಚ್ಚಿಕೊಂಡು ಬಲೆ ಆಗುವುದಿಲ್ಲ.

ಅಲ್ಲಿಗೆ ನನ್ನ ಬೋರ್ಡಿನ ಉತ್ತರ ಸರಿಯೇ ಆಯಿತು. ಹುಡುಗಿಯ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಬಲೆ ಇಲ್ಲದ ಹಿಟ್ಟು ಅಷ್ಟು ತೆಳ್ಳಗೆ, ಅಷ್ಟು ಅಗಲಕ್ಕೆ ಹೇಗೆ ಹೋಗುತ್ತದೆ?

ಮರುದಿನ ಅವ್ವನನ್ನು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದೆ. ‘ಏನೂ ಹೇಳಬ್ಯಾಡ, ಸುಮ್ನೆ ನೋಡು’ ಅಂದೆ. ರೊಟ್ಟಿ ಬೇಯಿಸುವ ಹಂಚು ಅವಳದೇ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಹೋಯಿತು, ಹಂಚು ನವನಗರಕ್ಕೆ ಬಂತು. ನಾನು 200 ಗ್ರಾಂ ಜೋಳದ ಹಿಟ್ಟಿಗೆ ಕೊಡದಲ್ಲಿದ್ದ ತಣ್ಣೀರು ಹಾಕಿ ನಾದಿದೆ. ಉಂಡೆಯೇನೋ ಆಯಿತು. ಬಡಿಯೋಣ ಅಂತ ಕೈ ಇಟ್ಟರೆ ಸುತ್ತಲೂ ಅಂಚು ಬಿರಿಯಿತು, ಬೇಸಿಗೆಯ ಎರೆಹೊಲದ ಹಾಗೆ. ಎತ್ತಲು ಹೋದರೆ ಮೂರು ತುಂಡು.

ಅವ್ವ ಬಹಳ ಹೊತ್ತು ತಡೆದುಕೊಂಡಳು. ಕೊನೆಗೆ, ‘ಯಪ್ಪಾ, ಎಸರು ಇಡದ ಹಿಟ್ಟು ಕಲಸಿದ್ರ ಜಿಗಿ ಎಲ್ಲಿಂದ ಬರತೈತಿ?’ ಅಂದಳು.

ಜಿಗಿ, ಅಂದರೆ ಹಿಟ್ಟಿನ ಅಂಟು. ಈ ಒಂದು ಮಾತಿನ ಹಿಂದೆ ನಾನು ಮೂರು ವಾರ ಬಿದ್ದೆ. ಹಿಟ್ಟಿನಲ್ಲಿ ಜಿಗಿ ಐತಿ, ಜಿಗಿ ಇಲ್ಲ ಅಂತ ನಮ್ಮ ಕಡೆ ದಿನಾ ಅನ್ನುತ್ತಾರೆ. ಕೇಳಿದವರಿಗೆ ಅದೇನೋ ಹಿಟ್ಟಿನೊಳಗೇ ಇರುವ ಗುಣ ಅನ್ನಿಸುತ್ತದೆ. ಅರ್ಧ ಮಾತ್ರ ನಿಜ. ಇನ್ನರ್ಧ ಕುದಿಯುವ ನೀರಿನಿಂದ ಬರುತ್ತದೆ. ಪಿಷ್ಟದ ಕಣ ತಣ್ಣೀರಿನಲ್ಲಿ ಮರಳಿನ ಹಾಗೆ ತಳಕ್ಕೆ ಕೂರುತ್ತದೆ. 70 ಡಿಗ್ರಿಯ ಆಸುಪಾಸಿಗೆ ಬಂದರೆ ಅದೇ ಕಣ ನೀರು ಕುಡಿದು ಉಬ್ಬಿ, ಒಡೆದು, ಅಂಟಾಗುತ್ತದೆ. ಅಂಬಲಿ ಕಾಯಿಸುವಾಗ ತೆಳ್ಳಗಿದ್ದದ್ದು ಒಮ್ಮೆಲೇ ಗಟ್ಟಿ ಆಗುತ್ತದಲ್ಲ, ಆ ಗಳಿಗೆ ಅದೇ.

ಹಾಗಾದರೆ ಎಸರು ಎಷ್ಟು ಬಿಸಿ ಇರಬೇಕು? ಶಾಲೆಯ ಲ್ಯಾಬಿನಿಂದ ಥರ್ಮಾಮೀಟರ್ ತಂದೆ. ಕೆಂಪು ದ್ರವದ್ದು, ಪಾದರಸದ್ದನ್ನು ಅಡುಗೆಮನೆಗೆ ತರಲೇಬಾರದು. ನೀರು ಕೊತಕೊತ ಕುದಿಯುತ್ತಿದೆ, ಕಡ್ಡಿ 98 ತೋರಿಸುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಅಂತ ಬೈದುಕೊಂಡೆ. ಆಮೇಲೆ ನನ್ನದೇ ಪಾಠ ನೆನಪಾಯಿತು. ನಮ್ಮೂರು ಸಮುದ್ರಮಟ್ಟದಿಂದ 500 ಮೀಟರಿಗಿಂತ ಮೇಲಿದೆ. ಪ್ರತಿ 300 ಮೀಟರಿಗೆ ಕುದಿಯುವ ಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಬಾಗಲಕೋಟೆಯಲ್ಲಿ ನೀರು 98ಕ್ಕೇ ಕುದಿಯಬೇಕು!

ಕುದಿಯುತ್ತಿದ್ದ 180 ಮಿಲಿಲೀಟರ್ ನೀರನ್ನು 200 ಗ್ರಾಂ ಹಿಟ್ಟಿಗೆ ಸುರಿದು, ಸೌಟಿನ ಹಿಡಿಯಿಂದ ತಿರುವಿ, ನಡುವೆ ಕಡ್ಡಿ ಇಟ್ಟೆ. 71. ಮುಚ್ಚಿಟ್ಟು, ಕೈ ತಾಳುವಷ್ಟು ಆರಿದ ಮೇಲೆ ನಾದಿದೆ. ಹಿಟ್ಟು ಬೇರೆಯೇ ಆಗಿತ್ತು. ಅಂಗೈಗೆ ಹತ್ತುತ್ತಿತ್ತು, ಎಳೆದರೆ ಒಂಚೂರು ತಾಳುತ್ತಿತ್ತು. ಇನ್ನೊಂದು ದಿನ ಬೇಕಂತಲೇ ನೀರನ್ನು ಕುದಿಸಿ, 80ಕ್ಕೆ ಇಳಿಯುವವರೆಗೆ ಕಾದು ಸುರಿದೆ. ಹಿಟ್ಟಿನ ನಡುವೆ 60 ಮಾತ್ರ ಬಂತು. ರೊಟ್ಟಿಯ ಅಂಚು ಮತ್ತೆ ಬಿರಿಯಿತು. ನೀರು ಎರಡೂ ಸಲ ಕೈ ಸುಡುವಷ್ಟು ಬಿಸಿಯೇ. ‘ಬಿಸಿನೀರು ಹಾಕಿದ್ದೆ, ಆದರೂ ರೊಟ್ಟಿ ಹರೀತು’ ಅನ್ನುವವರ ತಪ್ಪು ಬಹುಶಃ ಇಲ್ಲೇ ಇದೆ. ತಣ್ಣನೆಯ ಹಿಟ್ಟು ಸೇರಿದ ಕೂಡಲೇ ಇಪ್ಪತ್ತರಿಂದ ಇಪ್ಪತ್ತೇಳು ಡಿಗ್ರಿ ಇಳಿದುಹೋಗುತ್ತದೆ. ಅವ್ವ ಒಲೆ ಆರಿಸುವ ಮೊದಲೇ ಹಿಟ್ಟು ಸುರಿಯುವುದು ಅದಕ್ಕೇ.

ಎಲ್ಲಾ ಹಿಟ್ಟೂ ಬೇಯಬಾರದು ಮತ್ತೆ. ಬೆಂದದ್ದು ಅಂಟು, ಹಸಿಯಾಗಿ ಉಳಿದದ್ದು ಆ ಅಂಟಿನೊಳಗಿನ ಉಸುಕು. ಪೂರ್ತಿ ಬೆಂದರೆ ಅದು ಮುದ್ದೆ, ಬಡಿಯಲು ಬರುವುದಿಲ್ಲ. ಇದನ್ನೂ ಕೆಡಿಸಿಯೇ ಕಲಿತೆ.

ಈಗ ಬಡಿಯುವ ಮಾತಿಗೆ ಬರೋಣ. ಜಿಗಿ ಬಂದರೂ ಅದು ಗ್ಲುಟೆನ್ ಬಲೆಯಷ್ಟು ಗಟ್ಟಿಯಲ್ಲ. ಲಟ್ಟಣಿಗೆ ಹಿಟ್ಟನ್ನು ಪಕ್ಕಕ್ಕೆ ಎಳೆಯುತ್ತದೆ, ದುರ್ಬಲ ಜಾಗ ಸಿಕ್ಕಲ್ಲಿ ಹರಿಯುತ್ತದೆ. ಅಂಗೈ ಮೇಲಿನಿಂದ ಒತ್ತುತ್ತದೆ, ಎಳೆಯುವುದಿಲ್ಲ. ಕೆಳಗೆ ಉದುರಿಸಿದ ಒಣಹಿಟ್ಟಿನ ಮೇಲೆ ರೊಟ್ಟಿ ತಾನೇ ಜಾರಿ ತಿರುಗುತ್ತದೆ. ಒಂದು ಬಡಿತಕ್ಕೆ ಒಂದು ಕೂದಲೆಳೆ ಅಗಲ. ಬಿರುಕು ಕಂಡರೆ ಇನ್ನೊಂದು ಕೈಯ ಬೆರಳು ಅಂಚನ್ನು ಅಲ್ಲೇ ಕೂಡಿಸುತ್ತದೆ. ಲಟ್ಟಿಸುವವರೂ ಇದ್ದಾರೆ, ಹಿಟ್ಟು ಚೆನ್ನಾಗಿ ಬೆಂದಿದ್ದರೆ ಆಗುತ್ತದೆ. ಆದರೆ ಆ ಟಪಟಪ ಸದ್ದು ಇಲ್ಲದೆ ನನಗೆ ಊಟಕ್ಕೆ ಕೂತ ಹಾಗೆ ಅನ್ನಿಸುವುದಿಲ್ಲ.

ಹಂಚಿಗೆ ಹಾಕಿದ ಮೇಲೆ ಮೇಲ್ಭಾಗಕ್ಕೆ ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. ಹಾಳಾಗಿ ಹೋಗಲಿ ಅಂತ ಒಂದು ರೊಟ್ಟಿಗೆ ಅದನ್ನು ಬಿಟ್ಟೆ. ಮೇಲಿನ ಒಣಹಿಟ್ಟು ಹಾಗೇ ಉಳಿದು ಮುಖವೆಲ್ಲ ಸೀಳಿತು, ರೊಟ್ಟಿ ಉಬ್ಬಲೇ ಇಲ್ಲ. ನೀರು ಸವರಿದ್ದರೆ ಒಣಹಿಟ್ಟು ನೆನೆದು, ಬೆಂದು, ಸಣ್ಣ ಬಿರುಕುಗಳನ್ನು ಮುಚ್ಚುತ್ತಿತ್ತು. ಉಬ್ಬಬೇಕಾದರೆ ಎರಡೂ ಮುಖ ಮುಚ್ಚಿರಬೇಕು. ಒಂದು ಗ್ರಾಂ ನೀರು ಹಬೆಯಾದರೆ ಒಂದೂವರೆ ಲೀಟರಿಗಿಂತ ಜಾಸ್ತಿ ಜಾಗ ಬೇಡುತ್ತದೆ. ಒಂದು ಸೀಳು ಸಿಕ್ಕರೂ ಸಾಕು, ಹಬೆ ಹೊರಗೆ ಓಡುತ್ತದೆ. ನನ್ನ ಹನ್ನೊಂದನೇ ರೊಟ್ಟಿ ಉಬ್ಬಿತು. ಅದೂ ಪೂರ್ತಿಯಲ್ಲ, ಒಂದು ಮಗ್ಗುಲು ಮಾತ್ರ. ‘ಗೌಡರ ಹೊಟ್ಟಿ ಕಂಡಂಗ ಕಾಣತೈತಿ’ ಅಂದಳು ಅವ್ವ. ಎಣ್ಣೆಗಾಯಿ ಜೊತೆ ಅದನ್ನು ನಾನೇ ತಿಂದೆ, ಯಾರಿಗೂ ಕೊಡಲಿಲ್ಲ.

ಹಿಟ್ಟಿನೊಳಗೇ ಇರುವ ಆ ಇನ್ನರ್ಧ ಜಿಗಿಯ ಬಗ್ಗೆ ಒಂದು ಮಾತು. ತೆನೆ ಹೊಲದಲ್ಲಿದ್ದಾಗ ಮಳೆಗೆ ಸಿಕ್ಕರೆ ಕಾಳು ಒಳಗೊಳಗೇ ಮೊಳೆಯಲು ಹೊರಡುತ್ತದೆ. ಆಗ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ಅಂಥ ಹಿಟ್ಟಿಗೆ ಎಷ್ಟು ಕುದಿಯುವ ಎಸರು ಹಾಕಿದರೂ ಅಷ್ಟಕ್ಕಷ್ಟೇ. ಹಿಂಗಾರಿ ಬಿಳಿಜೋಳ ಮಳೆ ಹಿಂದೆ ಸರಿದ ಮೇಲೆ ಎರೆಮಣ್ಣಿನ ಹಸಿಯಲ್ಲೇ ಬೆಳೆದು, ಒಣ ಹವೆಯಲ್ಲಿ ಕಟಾವಿಗೆ ಬರುತ್ತದೆ. ಮಾಲದಂಡಿ ಅನ್ನುವ ಹಿಂಗಾರಿ ತಳಿಯ ಜೋಳಕ್ಕೆ ನಮ್ಮವರು ಹೆಚ್ಚು ದುಡ್ಡು ಕೊಡುವುದು ಸುಮ್ನೆ ಅಲ್ಲ.

ಒಂದು ದಿನ ಕ್ಲಾಸಿಗೆ ಎರಡು ಡಬ್ಬಿ ಒಯ್ದೆ. ಒಂದರಲ್ಲಿ ತಣ್ಣೀರಿನಲ್ಲಿ ಕಲಸಿದ ಹಿಟ್ಟು, ಇನ್ನೊಂದರಲ್ಲಿ ಎಸರಿನಲ್ಲಿ ಕಲಸಿದ್ದು. ಯಾವುದು ಯಾವುದು ಅಂತ ಹೇಳಲಿಲ್ಲ. ಆ ಹುಡುಗಿಯನ್ನೇ ಮುಂದೆ ಕರೆದೆ. ಮೊದಲನೆಯದನ್ನು ಬೆರಳಲ್ಲಿ ಒತ್ತಿ ನೋಡಿ, ‘ಇದನ್ನ ದನಕ್ಕ ಹಾಕ್ರಿ ಸರ್’ ಅಂದಳು. ಎರಡನೆಯದನ್ನು ಮೇಜಿನ ಮೇಲೆ ತಟ್ಟೆಯಗಲ ಬಡಿದು, ಒಂದು ಬಿರುಕಿಲ್ಲದೆ ಎತ್ತಿ ಹಿಡಿದಳು. ಕಿಟಕಿಯ ಬೆಳಕು ಅದರೊಳಗಿಂದ ಮಂಕಾಗಿ ಕಾಣುತ್ತಿತ್ತು. ನನಗೆ ಅದು ಇವತ್ತಿಗೂ ಬಂದಿಲ್ಲ.

ಜಾಗಕ್ಕೆ ಹೋಗುತ್ತಾ ಮತ್ತೆ ಕೇಳಿದಳು: ‘ಸಜ್ಜಿ ಹಿಟ್ಟು ಯಾಕ್ರೀ ಸರ್ ಜೋಳಕ್ಕಿಂತ ಲಗೂನ ಕಹಿ ಆಗತೈತಿ?’

ಸಜ್ಜೆಯಲ್ಲಿ ಎಣ್ಣೆಯಂಶ ಜಾಸ್ತಿ, ಬೀಸಿದ ಕೂಡಲೇ ಕಿಣ್ವ ಅದರ ಮೇಲೆ ಕೆಲಸ ಶುರು ಮಾಡುತ್ತದೆ ಅಂತ ನನಗೆ ಗೊತ್ತಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಈಗ ಮನೆಯಲ್ಲಿ ಮೂರು ಡಬ್ಬಿ ಸಜ್ಜೆ ಹಿಟ್ಟಿದೆ. ಒಂದು ಕಟ್ಟೆಯ ಮೇಲೆ, ಒಂದು ಫ್ರಿಜ್ಜಿನಲ್ಲಿ. ಇನ್ನೊಂದು, ಕಾಳನ್ನು ಮೊದಲು ಹುರಿದು ಬೀಸಿಸಿದ್ದು. ಮೂರರ ಮೇಲೂ ಗಿರಣಿಗೆ ಹೋದ ದಿನದ ತಾರೀಖು ಬರೆದು ಅಂಟಿಸಿದ್ದೇನೆ. ನಾಲ್ಕು ದಿನಕ್ಕೊಮ್ಮೆ ಒಂದೊಂದು ಚಿಟಿಕೆ ಅವ್ವನ ನಾಲಿಗೆಗೆ.