ಪೋಸ್ಟರಿನಲ್ಲಿ ಏನಿಲ್ಲ ಹೇಳಿ

ಚಿತ್ರದುರ್ಗದ ಹತ್ತಿರ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಮೇಷ್ಟ್ರು. ಇಂಧನ ಉಳಿಸಿ ಅಂತ ಪ್ರಬಂಧ ಸ್ಪರ್ಧೆ, ಚಿತ್ರಕಲೆ ಸ್ಪರ್ಧೆ ಇಟ್ಟು ತೈಲ ಕಂಪನಿಯವರು ಆಗಾಗ ಪೋಸ್ಟರ್ ಕಳಿಸುತ್ತಾರೆ. ದಪ್ಪ ಕಾಗದ, ಒಳ್ಳೆ ಬಣ್ಣ, ಪುಕ್ಕಟೆ. ಬಂದಿದ್ದು ಸೀದಾ ಗೋಡೆಗೆ ಹೋಗುತ್ತದೆ.

ಒಂದು ಸಲ ನಾನು ಅಂಟಿಸುವ ಮುಂಚೆ ಎಂಟನೇ ತರಗತಿಯ ಮಕ್ಕಳ ಮುಂದೆ ಹರಡಿದೆ. 'ಕಲ್ಲಿದ್ದಲು ಮತ್ತು ಪೆಟ್ರೋಲಿಯಂ' ಪಾಠ ನಡೀತಿತ್ತು. ಆ ಪಾಠದಲ್ಲೇ ಪಿಸಿಆರ್‌ಎ, ಅಂದರೆ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘದ ಸಲಹೆಗಳಿದ್ದವು: ಹದವಾದ ವೇಗದಲ್ಲಿ ಓಡಿಸಿ, ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿ, ಟೈರಿನ ಗಾಳಿ ನೋಡಿಕೊಳ್ಳಿ. ಈ ಸಂಸ್ಥೆ ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಅಡಿ ಬರುತ್ತದೆ. ಸಲಹೆಯಲ್ಲಿ ತಪ್ಪೇನಿಲ್ಲ, ನಾನೂ ಪಾಲಿಸುತ್ತೇನೆ. ಪೋಸ್ಟರಿನಲ್ಲೂ ಇವೇ, ಜೊತೆಗೊಂದು ಕುಕ್ಕರ್.

"ಇದರಲ್ಲಿ ಏನಿದೆ ಅಂತ ಬೇಡ. ಏನಿಲ್ಲ ಹೇಳಿ" ಅಂದೆ.

ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬಳು, "ಸಾರ್, ಹೊಗೆ ಇಲ್ಲ" ಅಂದಳು. ಹೌದಲ್ವಾ! ಸ್ಕೂಟರ್ ಓಡುತ್ತಿದೆ, ಹೊಗೆಯೇ ಇಲ್ಲ. "ಬಸ್ಸಿಲ್ಲ" ಅಂದ ಇನ್ನೊಬ್ಬ. ಮತ್ತೊಬ್ಬ ಕಿಟಕಿಯಾಚೆ ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರಗಳ ಕಡೆ ಕೈ ತೋರಿಸಿ, "ಗಾಳಿ ಫ್ಯಾನೂ ಇಲ್ಲ ಸಾರ್."

ಹೊಗೆಯ ಲೆಕ್ಕ ಬೋರ್ಡಿಗೆ ಹತ್ತಿತು. ಒಂದು ಲೀಟರ್ ಪೆಟ್ರೋಲ್ ತೂಕ ಸುಮಾರು ಮುಕ್ಕಾಲು ಕೆ.ಜಿ. ಉರಿದರೆ ಹೊರಡುವ ಕಾರ್ಬನ್ ಡೈಆಕ್ಸೈಡ್ ಸುಮಾರು 2.3 ಕೆ.ಜಿ. "ಜಾಸ್ತಿ ಹೆಂಗಾಯ್ತು?" ಅಂತ ಗಲಾಟೆ. ಉರಿಯುವಾಗ ಗಾಳಿಯ ಆಕ್ಸಿಜನ್ ಸೇರಿಕೊಳ್ಳುತ್ತದೆ ಅಂತ ಒಪ್ಪಿಸುವಷ್ಟರಲ್ಲಿ ಬೆಲ್ ಹೊಡೆಯಿತು.

ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, "ಸುಮ್ನೆ ಯಾಕ್ರೀ ಅನುಮಾನ, ಉಳಿಸಿ ಅಂತ ತಾನೇ ಹೇಳ್ತಿರೋದು?" ಅಂದರು. ಅವರಿಗೆ ಅಮೆರಿಕದ ಸಂಗತಿ ಹೇಳಿದೆ. ಅಲ್ಲಿನ ಕಲ್ಲಿದ್ದಲು ಉದ್ಯಮದ ಪ್ರತಿಷ್ಠಾನವೊಂದು ದುಡ್ಡು ಕೊಟ್ಟು, ಸ್ಕೊಲಾಸ್ಟಿಕ್ ಪ್ರಕಾಶನದಿಂದ ನಾಲ್ಕನೇ ತರಗತಿಗೆ ಪಾಠದ ಸಾಮಗ್ರಿ ಮಾಡಿಸಿತ್ತು. ಕಲ್ಲಿದ್ದಲಿನ ಅನುಕೂಲ ಬರೆದಿದ್ದರು, ಗಣಿಯ, ಹೊಗೆಯ ಕಾಟ ಬಿಟ್ಟಿದ್ದರು. ಜನ ತರಾಟೆಗೆ ತಗೊಂಡ ಮೇಲೆ 2011ರಲ್ಲಿ ಹಂಚುವುದನ್ನು ನಿಲ್ಲಿಸಿದರು. ಸುಳ್ಳು ಬರೆದರೆ ಹಿಡಿಯಬಹುದು. ಬರೆಯದೆ ಬಿಟ್ಟಿದ್ದನ್ನು ಹಿಡಿಯೋದು ಕಷ್ಟ. ನಮ್ಮ ಪೋಸ್ಟರಿನದೂ ಅದೇ ಜಾತಿ: ಉಳಿಸೋದು ಸ್ಕೂಟರಿನವನ ಕೆಲಸ, ಅಷ್ಟೇ. ಸ್ಕೂಟರೇ ಬೇಡವಾಗುವ ದಾರಿಯ ಮಾತಿಲ್ಲ.

ಸ್ಪರ್ಧೆಗೆ ಮಕ್ಕಳನ್ನು ಕಳಿಸದೇ ಇರಲಿಲ್ಲ. ಬಹುಮಾನ ಅಂದರೆ ಅವರಿಗೂ ಆಸೆ ಇರುತ್ತಲ್ಲ. ಹೊಗೆ ಇಲ್ಲ ಅಂದವಳೇ ಬಂದು, "ಬಸ್ಸಿನ ವಿಷಯ ಬರೆದ್ರೆ ಮಾರ್ಕ್ಸ್ ಕಟ್ ಮಾಡ್ತಾರಾ ಸಾರ್?" ಅಂತ ಕೇಳಿದಳು. "ಮಾಡಬಹುದು ಕಣಮ್ಮ, ನಿನ್ನಿಷ್ಟ" ಅಂದೆ. ಟೈರು, ಸಿಗ್ನಲ್ಲು ಎಲ್ಲಾ ಬರೆದು, ಕೊನೆಗೆ ಸೇರಿಸಿದ್ದಳು: ನಮ್ಮೂರಿಗೆ ಸಂಜೆ ಇನ್ನೊಂದು ಬಸ್ ಬಿಟ್ಟರೆ ಅಪ್ಪ ಬೈಕ್ ತೆಗೆಯೋದೇ ಬೇಡ.