ನಿರ್ಣಯ ಮುಗಿದಲ್ಲಿ ವಕ್ತಾರರ ಮಾತೂ ಮುಗಿಯಬೇಕು

ಪತ್ರಿಕಾಗೋಷ್ಠಿಗೆ ಹೊರಡುವ ಮುನ್ನ ನಡಾವಳಿ ಪುಸ್ತಕವನ್ನು ಮತ್ತೊಮ್ಮೆ ತೆರೆದು ನೋಡುವುದು ನನ್ನ ರೂಢಿ. ಹಿಂದಿನ ಸಂಜೆಯ ಸಭೆಯಲ್ಲಿ ನಾನೇ ಕುಳಿತಿದ್ದರೂ ನೋಡುತ್ತೇನೆ. ಸಭೆಯಲ್ಲಿ ಕೇಳಿಬಂದದ್ದು ಒಂದು, ಸಭೆ ತೀರ್ಮಾನಿಸಿದ್ದು ಇನ್ನೊಂದು. ಯಾರೋ ಆವೇಶದಿಂದ ಆಡಿದ ಮಾತು, ಅದಕ್ಕೆ ಬಿದ್ದ ಚಪ್ಪಾಳೆ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ಕೊನೆಗೆ ಎಲ್ಲರೂ ದಣಿದು, ತಿದ್ದಿ ತೀಡಿ, ಕೈಯೆತ್ತಿ ಒಪ್ಪಿದ ವಾಕ್ಯ ಅಷ್ಟಾಗಿ ನೆನಪಿರುವುದಿಲ್ಲ. ನಾನು ಹೊರಗೆ ಹೇಳಬೇಕಾದದ್ದು ಆ ವಾಕ್ಯವನ್ನು.

ನಾನು ನೌಕರರ ಸಂಘವೊಂದರ ವಕ್ತಾರೆ. ವೇತನ ಪರಿಷ್ಕರಣೆ, ಪಾಳಿ, ಸುರಕ್ಷತೆ, ಗುತ್ತಿಗೆ ನೌಕರರ ಕಾಯಮಾತಿ, ಹೀಗೆ ಬಗೆಬಗೆಯ ವಿಷಯಗಳಲ್ಲಿ ಸಂಘದ ಪರವಾಗಿ ಮಾತನಾಡುತ್ತ ಬಂದಿದ್ದೇನೆ. ಈ ಕೆಲಸಕ್ಕೆ ಒಳ್ಳೆಯ ಕಂಠ, ಚುರುಕು ನಾಲಿಗೆ ಬೇಕೆಂದು ಹಲವರು ತಿಳಿದಿದ್ದಾರೆ. ಇದ್ದರೆ ಒಳ್ಳೆಯದೇ. ಆದರೆ ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ಎಲ್ಲೆಯ ಅರಿವು: ಸಂಘ ನನಗೆ ಎಲ್ಲಿಯವರೆಗೆ ಮಾತನಾಡುವ ಅಧಿಕಾರ ಕೊಟ್ಟಿದೆ, ಎಲ್ಲಿಂದಾಚೆಗೆ ಕೊಟ್ಟಿಲ್ಲ ಎಂಬ ಅರಿವು. ‘ನಾವು’ ಎಂದು ನಾನು ಬಾಯಿ ತೆರೆದರೆ, ಆ ಕೊಠಡಿಯಲ್ಲಿ ಇಲ್ಲದ ನೂರಾರು ಜನರ ಹೆಸರಿನಲ್ಲಿ ಮಾತು ಕೊಟ್ಟಂತೆ. ಅವರ ಕೆಲಸ, ಅವರ ಮನೆಯ ಖರ್ಚು, ಅವರ ಮಾನ ಎಲ್ಲವೂ ಆ ಮಾತಿನ ಜೊತೆಗಿರುತ್ತವೆ.

ಸಿದ್ಧತೆಗೆ ನಾನು ಬಳಸುವುದು ಒಂದೇ ಹಾಳೆ. ಅದನ್ನು ಉದ್ದಕ್ಕೆ ಮಡಿಸಿ, ಎಡಭಾಗದಲ್ಲಿ ಸಂಘ ತೀರ್ಮಾನಿಸಿರುವುದನ್ನು ಬರೆಯುತ್ತೇನೆ. ಬಲಭಾಗದಲ್ಲಿ ಇನ್ನೂ ಚರ್ಚೆಯಲ್ಲಿರುವುದನ್ನು. ಹಿಂಬದಿಯಲ್ಲಿ ಯಾರೂ ಕೇಳದಿದ್ದರೆ ಸಾಕು ಎನಿಸುವ ಪ್ರಶ್ನೆಗಳು. ಈ ಹಿಂಬದಿಯೇ ಹೆಚ್ಚು ಹೊತ್ತು ಹಿಡಿಯುತ್ತದೆ. ಸಂಘದ ಲೆಕ್ಕಪತ್ರ, ಹಳೆಯ ಒಪ್ಪಂದದಲ್ಲಿ ನಾವು ಬಿಟ್ಟುಕೊಟ್ಟದ್ದು, ನಮ್ಮೊಳಗಿನ ಭಿನ್ನಮತ, ಇವನ್ನೆಲ್ಲ ಇಬ್ಬರು ಮೂವರು ಸದಸ್ಯರಿಗೆ ಕೊಟ್ಟು, ಮರ್ಯಾದೆ ನೋಡದೆ ಕೇಳಿ ಎನ್ನುತ್ತೇನೆ. ಹಿರಿಯ ಸದಸ್ಯರೊಬ್ಬರು ಎಷ್ಟು ಒರಟಾಗಿ ಕೇಳುತ್ತಾರೆಂದರೆ, ಅದಾದ ಮೇಲೆ ಯಾವ ವರದಿಗಾರರ ಪ್ರಶ್ನೆಯೂ ಕಠಿಣವೆನಿಸುವುದಿಲ್ಲ. ಅಂಥವರು ಪ್ರತಿ ಸಂಘದಲ್ಲೂ ಒಬ್ಬರಿರಬೇಕು.

ಗೋಷ್ಠಿಯಲ್ಲಿ ಹಾಳೆಯ ಬಲಭಾಗವನ್ನು ಎಡಕ್ಕೆ ಎಳೆಯುವ ಪ್ರಯತ್ನ ನಡೆದೇ ನಡೆಯುತ್ತದೆ. ವೇತನದ ಮಾತುಕತೆ ನಡೆಯುತ್ತಿದ್ದಾಗಿನ ಒಂದು ಗೋಷ್ಠಿಯ ಪ್ರಶ್ನೋತ್ತರವನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ.

“ಮೇಡಂ, ಮಾತುಕತೆ ಮುರಿದುಬಿದ್ದರೆ ಮುಷ್ಕರ ಮಾಡುತ್ತೀರಾ?”

“ಮುಷ್ಕರದ ಬಗ್ಗೆ ತೀರ್ಮಾನಿಸುವುದು ಸರ್ವಸದಸ್ಯರ ಸಭೆ. ಆ ಸಭೆಯನ್ನು ಇನ್ನೂ ಕರೆದಿಲ್ಲ.”

“ಅಂದರೆ ಮುಷ್ಕರವನ್ನು ತಳ್ಳಿಹಾಕುತ್ತಿಲ್ಲ?”

“ತಳ್ಳಿಹಾಕುವುದೂ ಆ ಸಭೆಯೇ, ಒಪ್ಪುವುದೂ ಆ ಸಭೆಯೇ. ಇವತ್ತು ನಮ್ಮ ಬೇಡಿಕೆ ಒಂದು: ಮಾತುಕತೆಗೆ ಮುಂದಿನ ದಿನಾಂಕ ತಿಳಿಸಿ.”

“ನಿಮ್ಮ ವೈಯಕ್ತಿಕ ಅಭಿಪ್ರಾಯವಾದರೂ ಹೇಳಿ, ಮೇಡಂ.”

“ಸಂಘದ ಪರವಾಗಿ ಕುಳಿತಿರುವಾಗ ಅದನ್ನು ಹೇಳುವುದಿಲ್ಲ.”

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ನಯವಾದದ್ದು, ಎಲ್ಲಕ್ಕಿಂತ ಅಪಾಯಕಾರಿಯಾದದ್ದೂ ಹೌದು. ವೈಯಕ್ತಿಕ ಅಭಿಪ್ರಾಯವೆಂದು ಹೇಳಿದ್ದು ಮರುದಿನ ಸಂಘದ ನಿಲುವಾಗಿ ಅಚ್ಚಾಗುತ್ತದೆ. ಇದರಲ್ಲಿ ವರದಿಗಾರರ ತಪ್ಪೇನೂ ಇಲ್ಲ. ಆಡಳಿತ ಮಂಡಳಿಯವರು ಅದನ್ನೇ ಹಿಡಿದು ಮಾತುಕತೆಯ ಮೇಜಿಗೆ ಬರುತ್ತಾರೆ. ‘ಇದು ನಮ್ಮ ನಮ್ಮಲ್ಲೇ ಇರಲಿ’ ಎಂದು ಹೇಳಿ ಏನನ್ನೋ ಬಿಟ್ಟುಕೊಡುವುದನ್ನೂ ನಾನು ಒಪ್ಪುವುದಿಲ್ಲ. ಮಾತು ಆಡಿದ ಮೇಲೆ ಅಚ್ಚುಹಾಕಬೇಡಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಅಂಥ ಒಪ್ಪಂದವೇನಿದ್ದರೂ ಮಾತಿಗೆ ಮುಂಚೆಯೇ ಆಗಬೇಕು, ಅದೂ ಸಮಿತಿಗೆ ತಿಳಿದಿರಬೇಕು.

ಪ್ರಶ್ನೆಯಲ್ಲಿರುವ ಖಾರದ ಪದವನ್ನು ಉತ್ತರದಲ್ಲಿ ಎತ್ತಿಕೊಳ್ಳುವುದಿಲ್ಲ. “ಆಡಳಿತ ಮಂಡಳಿ ಮೋಸ ಮಾಡಿದೆ ಅಲ್ಲವೇ?” ಎಂದು ಕೇಳಿದಾಗ “ಮೋಸ ಎನ್ನಲಾರೆ” ಎಂದರೂ ಆ ಪದ ನನ್ನ ಬಾಯಿಗೆ ಬಂದುಬಿಟ್ಟಿತು. “ಒಪ್ಪಂದದ ಈ ಷರತ್ತು ಇನ್ನೂ ಜಾರಿಯಾಗಿಲ್ಲ” ಎಂದರೆ ಸಾಕು. ವಿಷಯ ಅದೇ, ಪದ ನಮ್ಮದು.

ಹೊಸಬರು ಸಮಿತಿಗೆ ಬಂದಾಗ ಅವರಿಗೆ ನಾನು ಗುಂಟರ್ ಶಬೋವ್‌ಸ್ಕಿಯ ಕಥೆ ಹೇಳುತ್ತೇನೆ. 1989ರ ನವೆಂಬರ್ 9ರ ಸಂಜೆ, ಪೂರ್ವ ಜರ್ಮನಿಯ ರಾಜಧಾನಿ ಪೂರ್ವ ಬರ್ಲಿನ್‌ನಲ್ಲಿ ಆಳುವ ಪಕ್ಷದ ಪರವಾಗಿ ಆತ ಪತ್ರಿಕಾಗೋಷ್ಠಿ ನಡೆಸುತ್ತಿದ್ದ. ದೂರದರ್ಶನದಲ್ಲಿ ನೇರಪ್ರಸಾರ. ನಾಗರಿಕರು ದೇಶದಿಂದ ಹೊರಗೆ ಹೋಗುವ ಹೊಸ ನಿಯಮಗಳ ಕಾಗದವೊಂದನ್ನು ಗೋಷ್ಠಿಗೆ ಸ್ವಲ್ಪ ಮುಂಚೆ ಆತನ ಕೈಗೆ ಕೊಟ್ಟಿದ್ದರು. ಆ ನಿಯಮಗಳ ಚರ್ಚೆ ನಡೆದಾಗ ಆತ ಅಲ್ಲಿರಲಿಲ್ಲ. ಮರುದಿನ ನಸುಕಿನವರೆಗೆ ಅವನ್ನು ಪ್ರಕಟಿಸಬಾರದು ಎಂಬುದೂ ಆತನಿಗೆ ತಿಳಿದಿರಲಿಲ್ಲ. ಯಾವಾಗಿನಿಂದ ಜಾರಿ ಎಂದು ವರದಿಗಾರರು ಕೇಳಿದರು. ಆತ ಕಾಗದಗಳನ್ನು ತಿರುವಿಹಾಕಿ, ತನಗೆ ತಿಳಿದ ಮಟ್ಟಿಗೆ ತಕ್ಷಣದಿಂದ, ವಿಳಂಬವಿಲ್ಲದೆ ಎಂದುಬಿಟ್ಟ. ಸುದ್ದಿ ಕೇಳಿದ ಜನ ಗಡಿಯ ಗೇಟುಗಳಿಗೆ ಮುಗಿಬಿದ್ದರು. ಅಲ್ಲಿದ್ದ ಕಾವಲುಗಾರರಿಗೆ ಯಾವ ಆದೇಶವೂ ಬಂದಿರಲಿಲ್ಲ. ಮಧ್ಯರಾತ್ರಿಯೊಳಗೆ ಬೋರ್ನ್‌ಹೋಲ್ಮರ್ ಬೀದಿಯ ಗೇಟು ತೆರೆಯಿತು. ನಗರವನ್ನು ಎರಡಾಗಿ ಸೀಳಿದ್ದ ಬರ್ಲಿನ್ ಗೋಡೆ ಹೀಗೆ ಬಿದ್ದದ್ದು ಜನರ ಪಾಲಿಗೆ ಸಂತೋಷದ ಸಂಗತಿ, ಅದರಲ್ಲಿ ಎರಡು ಮಾತಿಲ್ಲ. ವಕ್ತಾರರಾಗುವವರು ಗಮನಿಸಬೇಕಾದದ್ದು ಬೇರೆ: ಚರ್ಚೆಯಲ್ಲಿ ಇಲ್ಲದವರ ಕೈಗೆ ಕೊನೆಯ ಗಳಿಗೆಯಲ್ಲಿ ಕಾಗದ ಕೊಟ್ಟು ಕಳಿಸಿದರೆ, ಒಂದು ಸಣ್ಣ ಪ್ರಶ್ನೆಗೆ ಅವರು ಊಹೆಯಿಂದಲೇ ಉತ್ತರಿಸುತ್ತಾರೆ. ನಾನು ಕುಳಿತಿರದ ಸಭೆಯ ನಿರ್ಣಯವನ್ನು ಓದಿ ಹೇಳಲು ಕರೆದರೆ, ಕಾರ್ಯದರ್ಶಿಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಹೋಗುವುದಿಲ್ಲ. ಯಾವಾಗಿನಿಂದ, ಯಾರಿಗೆ, ಎಷ್ಟು, ಯಾರು ಸಹಿ ಮಾಡಿದರು ಎಂಬುದನ್ನೆಲ್ಲ ಹೊರಡುವ ಮುಂಚೆಯೇ ಕೇಳಿ ಬರೆದುಕೊಳ್ಳುತ್ತೇನೆ.

ಇಷ್ಟೆಲ್ಲ ಸಿದ್ಧತೆಗೆ ಸಮಯವೇ ಸಿಗದ ದಿನಗಳೂ ಬರುತ್ತವೆ. ನಮ್ಮ ಸಹೋದ್ಯೋಗಿಯೊಬ್ಬರು ಕೆಲಸದ ವೇಳೆಯಲ್ಲೇ ಅಪಘಾತದಲ್ಲಿ ತೀರಿಕೊಂಡ ದಿನ ಹಾಗಿತ್ತು. ಗೇಟಿನ ಹೊರಗೆ ಕ್ಯಾಮೆರಾಗಳು ಬಂದು ನಿಂತಿದ್ದವು. ಒಳಗೆ ನಮ್ಮ ಸದಸ್ಯರು ಕುದಿಯುತ್ತಿದ್ದರು. ನಾನು ಮೊದಲು ಕೇಳಿದ್ದು ಒಂದೇ: ಮನೆಯವರಿಗೆ ತಿಳಿಸಿದ್ದೀರಾ? ಅವರ ತಮ್ಮ ದಾರಿಯಲ್ಲಿದ್ದಾರೆ ಎಂದರು. ಆತ ಬಂದು, ವಿಷಯ ತಿಳಿದು, ಹೆಸರು ಹೇಳಬಹುದೆಂದು ಒಪ್ಪುವವರೆಗೆ ಹೆಸರು ಹೊರಬರಕೂಡದು ಎಂದು ಅಧ್ಯಕ್ಷರ ಎದುರೇ ತೀರ್ಮಾನಿಸಿದೆವು. ಅಕ್ಕಪಕ್ಕದಲ್ಲಿದ್ದವರ ಮೊಬೈಲ್‌ಗಳಲ್ಲಿ ಆಗಲೇ ಚಿತ್ರಗಳಿದ್ದವು. ಅವನ್ನು ಯಾರಿಗೂ ಕಳಿಸಬೇಡಿ ಎಂದು ಒಬ್ಬೊಬ್ಬರ ಬಳಿಯೂ ಹೋಗಿ ಕೇಳಿಕೊಂಡೆ.

ಗೇಟಿನ ಹೊರಗೆ ಬಂದು ಹೇಳಿದ್ದು ಇಷ್ಟು: “ನಮ್ಮ ಸಹೋದ್ಯೋಗಿಯೊಬ್ಬರನ್ನು ಇಂದು ಕಳೆದುಕೊಂಡಿದ್ದೇವೆ. ಅವರ ಮನೆಯವರ ಜೊತೆ ನಾವಿದ್ದೇವೆ. ಈ ಗಳಿಗೆಯಲ್ಲಿ ನಮಗೆ ಗೊತ್ತಿರುವುದು, ಅಪಘಾತ ಮಧ್ಯಾಹ್ನದ ಪಾಳಿಯಲ್ಲಿ ಆಯಿತು ಎಂಬುದು. ಹೇಗೆ ಆಯಿತು ಎಂಬುದು ನಮಗೆ ಗೊತ್ತಿಲ್ಲ. ತನಿಖೆಯಲ್ಲಿ ನೌಕರರ ಪ್ರತಿನಿಧಿ ಇರಬೇಕೆಂದು ಕೇಳಿದ್ದೇವೆ. ಸಂಜೆ 6ಕ್ಕೆ ಇಲ್ಲಿಯೇ ಮತ್ತೆ ಬರುತ್ತೇನೆ.” ನಿರ್ಲಕ್ಷ್ಯವೇ ಕಾರಣವೇ ಎಂದು ಹಲವು ಕಡೆಯಿಂದ ಕೂಗಿ ಕೇಳಿದರು. ಕಾರಣ ಗೊತ್ತಿಲ್ಲ ಎಂದು ಅಷ್ಟೂ ಸಲ ಹೇಳಿದೆ. ಒಳಗೆ ಬಂದಾಗ ನಮ್ಮವರೇ ಕೆಲವರು ಸಿಟ್ಟಾಗಿದ್ದರು. ಇಷ್ಟು ಮೆತ್ತಗೆ ಮಾತನಾಡುವುದೇ ಎಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು, ನನ್ನಲ್ಲೂ ಅದೇ ಇತ್ತು. ಆದರೆ ಅಂದು ಸಂಘ ಹೊರಿಸಿದ ಆರೋಪ ಮರುದಿನ ಸುಳ್ಳೆಂದು ತೋರಿಬಂದರೆ, ಪರಿಹಾರಕ್ಕಾಗಿ ತಿಂಗಳುಗಟ್ಟಲೆ ಹೋರಾಡಬೇಕಾದ ಆ ಮನೆಯವರ ಪರವಾಗಿ ನಮ್ಮ ಮಾತನ್ನು ಯಾರು ನಂಬುತ್ತಾರೆ? ಸಂಜೆ 6ಕ್ಕೆ ಹೊಸದಾಗಿ ಹೇಳಲು ಹೆಚ್ಚೇನೂ ಇರಲಿಲ್ಲ. ಆದರೂ ಹೋದೆ, ಇಲ್ಲವೆಂದು ಹೇಳಿ ಬಂದೆ. ಬರುತ್ತೇನೆ ಎಂದ ಹೊತ್ತಿಗೆ ಬರುವುದು ಸಹ ಮಾತಿನ ಭಾಗವೇ.

ಇಂಥ ಹೊತ್ತಿನಲ್ಲಿ ಮಾತನಾಡುವವರು ತಮ್ಮ ದಣಿವನ್ನು ಹೇಳಿಕೊಳ್ಳಬಾರದು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ವೇದಿಕೆ ಸ್ಫೋಟಗೊಂಡು 11 ಮಂದಿ ಕೆಲಸಗಾರರು ಸತ್ತರು, ಎಣ್ಣೆ ಸಮುದ್ರಕ್ಕೆ ಹರಿಯುತ್ತಲೇ ಇತ್ತು. ಮೇ ತಿಂಗಳ ಕೊನೆಯಲ್ಲಿ, ಆ ತೈಲಬಾವಿಯನ್ನು ಕೊರೆಸುತ್ತಿದ್ದ ಬಿಪಿ ಕಂಪನಿಯ ಮುಖ್ಯಸ್ಥ ಟೋನಿ ಹೇವರ್ಡ್ ಕ್ಷಮೆ ಕೇಳುತ್ತಲೇ, ತನ್ನ ಬದುಕು ತನಗೆ ಮರಳಿ ಬೇಕು ಎಂದೂ ಹೇಳಿದರು. ಬಳಿಕ ಆ ಮಾತಿಗಾಗಿಯೂ ಕ್ಷಮೆ ಕೇಳಿದರು, ಅದೇ ವರ್ಷ ಹುದ್ದೆ ಬಿಟ್ಟರು. ಸತ್ತವರ ಮನೆಯವರು ಆ ಮಾತನ್ನು ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ಎಚ್ಚರ ಇದ್ದಿದ್ದರೆ ಅದು ಬಾಯಿಗೆ ಬರುತ್ತಿರಲಿಲ್ಲ.

ಒಂದು ವಿಷಯಕ್ಕೆ ಒಬ್ಬರೇ ವಕ್ತಾರರು ಇರಬೇಕೆಂದು ನಾನು ಹಟ ಹಿಡಿಯುತ್ತೇನೆ. 1979ರ ಮಾರ್ಚ್‌ನಲ್ಲಿ ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅವಘಡವಾದಾಗ ಕಂಪನಿ ಒಂದು ಹೇಳುತ್ತಿತ್ತು, ಅಧಿಕಾರಿಗಳು ಇನ್ನೊಂದು ಹೇಳುತ್ತಿದ್ದರು. ಸುತ್ತಲಿನ ಜನ ದಿಗಿಲುಬಿದ್ದರು. ಅಧ್ಯಕ್ಷ ಕಾರ್ಟರ್ ಅವರು ಅಣುಶಕ್ತಿ ನಿಯಂತ್ರಣ ಆಯೋಗದ ಹೆರಾಲ್ಡ್ ಡೆಂಟನ್ ಅವರನ್ನು ಸ್ಥಳಕ್ಕೆ ಕಳಿಸಿದರು. ಸ್ಥಾವರದ ಸ್ಥಿತಿಯ ಬಗ್ಗೆ ಅವರೊಬ್ಬರೇ ಮಾತನಾಡತೊಡಗಿದ ಮೇಲೆ ಗೊಂದಲ ತಗ್ಗಿತು. ಆದರೆ ಇದನ್ನು ನೆಪ ಮಾಡಿಕೊಂಡು ಉಳಿದ ಸದಸ್ಯರ ಬಾಯಿ ಮುಚ್ಚಿಸುವುದು ತಪ್ಪು. ಪಾಳಿಯಲ್ಲಿ ನಿಂತು ದುಡಿಯುವ ಹೆಣ್ಣುಮಗಳು ತನ್ನ ಕಷ್ಟವನ್ನು ತನ್ನ ಹೆಸರಿನಲ್ಲಿ ಹೇಳಿಕೊಂಡರೆ ಅದು ಅವಳ ಹಕ್ಕು. ನನ್ನ ಹತ್ತು ಹೇಳಿಕೆಗಳಿಗಿಂತ ಅದಕ್ಕೆ ತೂಕ ಹೆಚ್ಚು. ‘ಸಂಘ ಹೀಗೆ ಹೇಳುತ್ತದೆ’ ಎಂಬುದನ್ನು ಮಾತ್ರ ಅವಳು ನನಗೆ ಬಿಟ್ಟರೆ ಸಾಕು.

ಒಡಕಿನ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ ನೇರ. ಪಾಳಿ ಬದಲಾವಣೆಯ ವಿಷಯದಲ್ಲಿ ನಮ್ಮಲ್ಲೇ ಎರಡು ಪಕ್ಷಗಳಾಗಿದ್ದವು. “ಇದು ಒಮ್ಮತದ ತೀರ್ಮಾನವೇ?” ಎಂದು ಕೇಳಿದಾಗ “ಬಹುಮತದ ತೀರ್ಮಾನ. ವಿರೋಧಿಸಿದವರೂ ಇದ್ದಾರೆ, ಅವರ ವಾದ ನಡಾವಳಿಯಲ್ಲಿ ದಾಖಲಾಗಿದೆ” ಎಂದೆ. ಅಷ್ಟು ಹೇಳಬೇಕಿರಲಿಲ್ಲ ಎಂದು ಪದಾಧಿಕಾರಿಗಳಲ್ಲಿ ಒಬ್ಬರಿಗೆ ಅನಿಸಿತು. ನನಗೆ ಹಾಗನಿಸುವುದಿಲ್ಲ. ವಿರುದ್ಧವಾಗಿ ಕೈಯೆತ್ತಿದವರೂ ಮರುದಿನ ಪತ್ರಿಕೆ ಓದುತ್ತಾರೆ. ತಾವು ಇಲ್ಲವೇ ಇಲ್ಲ ಎಂಬಂತೆ ವಕ್ತಾರೆ ಮಾತನಾಡಿದ್ದನ್ನು ನೋಡಿದರೆ ಅವರು ಮುಂದಿನ ಸಲ ಸಭೆಗೆ ಬರುವುದನ್ನೇ ಬಿಟ್ಟಾರು.

ಪತ್ರಿಕೆಯಲ್ಲಿ ತಪ್ಪಾಗಿ ಬಂದಾಗ ಮೊದಲು ವರದಿಗಾರರಿಗೇ ಕರೆ ಮಾಡುತ್ತೇನೆ, ಸಂಪಾದಕರಿಗಲ್ಲ. ಗೋಷ್ಠಿಯನ್ನು ನಾವೂ ಧ್ವನಿಮುದ್ರಿಸಿಕೊಂಡಿರುತ್ತೇವೆ. ಅದನ್ನು ಕೇಳಿದ ಮೇಲೆಯೇ ಫೋನ್ ಎತ್ತಿಕೊಳ್ಳುವುದು. ಶೀರ್ಷಿಕೆ ಬರೆಯುವವರು ವರದಿಗಾರರಲ್ಲ, ಆದ್ದರಿಂದ ಶೀರ್ಷಿಕೆಗಾಗಿ ಅವರ ಮೇಲೆ ರೇಗುವುದು ಸರಿಯಲ್ಲ. ಅಂಕಿಯೋ ದಿನಾಂಕವೋ ತಪ್ಪಿದ್ದರೆ ನಾಲ್ಕು ಸಾಲಿನ ಸ್ಪಷ್ಟನೆ ಕಳಿಸುತ್ತೇನೆ. ನಮಗೆ ಹಿಡಿಸದ, ಆದರೆ ಸತ್ಯವಾದ ವರದಿಯ ಬಗ್ಗೆ ದೂರುವುದಿಲ್ಲ.

ಗೋಷ್ಠಿ ಮುಗಿದ ಸಂಜೆಯೇ ಸಮಿತಿಗೆ ವರದಿ ಒಪ್ಪಿಸುತ್ತೇನೆ: ಏನು ಕೇಳಿದರು, ನಾನು ಏನು ಹೇಳಿದೆ, ಯಾವುದಕ್ಕೆ ಗೊತ್ತಿಲ್ಲ ಎಂದೆ, ಯಾರಿಗೆ ಏನು ಕಳಿಸುವುದಾಗಿ ಮಾತು ಕೊಟ್ಟೆ. ಪತ್ರಿಕೆ ಅವರ ಕೈ ಸೇರುವ ಮೊದಲೇ ಅದು ಅವರಿಗೆ ತಿಳಿದಿರಬೇಕು. ಹಾಳೆಯ ಬಲಭಾಗದಲ್ಲಿ ಬರೆದಿದ್ದ ವಿಷಯಗಳಲ್ಲಿ ಯಾವುದನ್ನು ಹೆಚ್ಚು ಸಲ ಕೇಳಿದರು ಎಂಬುದನ್ನೂ ತಿಳಿಸುತ್ತೇನೆ. ಸಂಘ ಇನ್ನು ತಡಮಾಡದೆ ತೀರ್ಮಾನಿಸಬೇಕಾದದ್ದು ಸಾಮಾನ್ಯವಾಗಿ ಅದೇ ಆಗಿರುತ್ತದೆ. ಮುಷ್ಕರದ ಪ್ರಶ್ನೆ ಸರ್ವಸದಸ್ಯರ ಸಭೆಯ ಕಾರ್ಯಸೂಚಿಗೆ ಸೇರಿದ್ದೂ ಹೀಗೆಯೇ.