ಎರೆ ಬಯಲನ್ನು ನೋಡಲು ಕಲಿತ ಬಗೆ

ಮಲೆನಾಡಿನಲ್ಲಿ ಬೆಳೆದ ನಾನು ಕೆಲಸದ ನಿಮಿತ್ತ ನವಲಗುಂದಕ್ಕೆ ಬಂದು ನೆಲೆಸಿದ ಮೇಲೆ, ನರಗುಂದ, ರೋಣದವರೆಗೂ ಹರಡಿರುವ ಎರೆ ಬಯಲನ್ನು, ಅಂದರೆ ಕರಿಮಣ್ಣಿನ ಬಯಲನ್ನು, ನೋಡುವುದನ್ನು ಒಂದು ವಿದ್ಯೆಯಂತೆ ಕಲಿಯಬೇಕಾಯಿತು. ಕಾಡು, ಗುಡ್ಡಗಳಿರುವ ಸೀಮೆಯಲ್ಲಿ ಕಣ್ಣು ಎಲ್ಲಿ ನಿಲ್ಲಬೇಕೆಂಬುದನ್ನು ನೆಲವೇ ಹೇಳಿಕೊಡುತ್ತದೆ. ಇಲ್ಲಿ ಆ ಕೆಲಸವನ್ನು ನೋಡುವವನೇ ಮಾಡಬೇಕು.

ಮೊದಲು ನಾನು ಬದಲಿಸಿಕೊಂಡದ್ದು ತಿರುಗಾಟದ ಹೊತ್ತನ್ನು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಬಯಲಿನ ಏರಿಳಿತಗಳೆಲ್ಲ ಅಳಿಸಿಹೋಗುತ್ತವೆ. ಬೆಳಗ್ಗೆ ಮತ್ತು ಸಂಜೆಯ ಓರೆ ಬೆಳಕಿನಲ್ಲಿ ಬದು, ಬಿತ್ತಿದ ಸಾಲು, ಹಳ್ಳದ ಅಂಚು ಒಂದೊಂದಕ್ಕೂ ನೆರಳು ಮೂಡಿ, ಪೂರಾ ಮಟ್ಟಸವೆಂದು ತೋರುತ್ತಿದ್ದ ನೆಲ ಬೆಣ್ಣಿಹಳ್ಳದ ಕಡೆಗೆ ಮೆಲ್ಲಗೆ ಇಳಿಯುತ್ತಿರುವುದು ಕಾಣಿಸುತ್ತದೆ. ಸಮತಟ್ಟು ನೆಲದಲ್ಲಿ ನಿಂತವನ ಕಣ್ಣಿಗೆ ದಿಗಂತ ಸುಮಾರು 4.5 ಕಿಲೋಮೀಟರ್ ದೂರವಿರುತ್ತದೆ, ಆಕಾಶವಂತೂ ಅದರಾಚೆಗೂ ತೆರೆದಿರುತ್ತದೆ. ಬೇರೊಂದು ಊರಿನ ಮೇಲೆ ಸುರಿಯುತ್ತಿರುವ ಮಳೆಯನ್ನು ಒಣ ನೆಲದಲ್ಲಿ ನಿಂತು, ಮೋಡದಿಂದ ಮಣ್ಣಿನವರೆಗೆ ಇಡಿಯಾಗಿ ನೋಡುವ ಭಾಗ್ಯ ಮಲೆನಾಡಿನಲ್ಲಿ ನನಗೆ ಎಂದೂ ಸಿಕ್ಕಿರಲಿಲ್ಲ.

ಆದರೆ ಬಯಲಿನ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದು ಅದರ ಮಣ್ಣನ್ನು ಅರಿತ ಮೇಲೆ. ಜೇಡಿ ಹೆಚ್ಚಾಗಿರುವ ಈ ಕರಿಮಣ್ಣು ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮುಂಗಾರಿನಿಂದ ಅದು ಒಡಲಲ್ಲಿ ಹಿಡಿದಿಟ್ಟುಕೊಂಡ ತೇವವನ್ನೇ ನಂಬಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುತ್ತಾರೆ. ಮುಂದೆ ಮಳೆ ಬಾರದಿದ್ದರೂ ಬೆಳೆ ಬೆಳೆಯುತ್ತದೆ. ಚಳಿಗಾಲದಲ್ಲಿ ಎಡೆ ಹೊಡೆಯುವುದು, ಅಂದರೆ ಬೆಳೆಯ ಸಾಲುಗಳ ನಡುವೆ ಕುಂಟೆ ಹಾಯಿಸುವುದು, ಕಳೆ ತೆಗೆಯಲು ಮಾತ್ರವಲ್ಲ, ಬಿರುಕು ಮುಚ್ಚಿ ತೇವ ಹಾರದಂತೆ ಕಾಯಲಿಕ್ಕೂ ಹೌದು ಎಂದು ಹೊಲದವರೊಬ್ಬರು ವಿವರಿಸಿದ ದಿನದಿಂದ, ಎಡೆ ಹೊಡೆದ ಹೊಲದ ಗಾಢ ಕಪ್ಪಿಗೂ ಹಾಗೇ ಬಿಟ್ಟ ಹೊಲದ ಬೂದು ಬಣ್ಣಕ್ಕೂ ಇರುವ ವ್ಯತ್ಯಾಸ ನನಗೆ ದೂರದಿಂದಲೇ ತಿಳಿಯತೊಡಗಿತು. ಜೋಳದ ಹೊಲದ ಅಂಚಿಗೆ ಕಾಣುವ ಹಳದಿ, ಕಿತ್ತಳೆ ಹೂವಿನ ಪಟ್ಟಿ ಕುಸುಬೆಯದು. ಅದರ ಮುಳ್ಳಿಗೆ ಹೆದರಿ ದನಗಳು ಒಳಗೆ ನುಗ್ಗುವುದಿಲ್ಲ. ಇಷ್ಟೊಂದು ಚೆಲುವಿಗೆ ಇಷ್ಟು ಸರಳವಾದ ಕಾರಣವಿರುವುದು ನನಗೆ ಇಂದಿಗೂ ಸಂತೋಷ ಕೊಡುತ್ತದೆ.

ವಾಹನದಲ್ಲಿ ಕುಳಿತು ಇದನ್ನೆಲ್ಲ ನೋಡಲಾಗದು. ನಸುಕಿನಲ್ಲಿ ಕಡಲೆ ಹೊಲದ ಬದುವಿನ ಮೇಲೆ ನಡೆದು, ಇಬ್ಬನಿಯಲ್ಲಿ ನೆಂದ ಎಲೆಯನ್ನು ಮುಟ್ಟಿ ಬೆರಳನ್ನು ನಾಲಿಗೆಗೆ ಹಚ್ಚಿಕೊಂಡರೆ ಹುಳಿ ತಾಗುತ್ತದೆ. ಆ ಹುಳಿಯನ್ನು ಬಟ್ಟೆಗೆ ಹೀರಿಸಿ, ಹಿಂಡಿ ಇಟ್ಟುಕೊಳ್ಳುವವರೂ ಇದ್ದಾರೆ. ಒಂದೆಡೆ ಕುಳಿತು ಕಾಯುವುದೂ ಅಷ್ಟೇ ಮುಖ್ಯ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಬರುವ ‘ಸೆಳೆವ’ (ಹ್ಯಾರಿಯರ್) ಎಂಬ ಬೇಟೆ ಹಕ್ಕಿಗಳು ಬೆಳೆಯ ಮೇಲೆ ತೀರ ತಗ್ಗಿನಲ್ಲಿ ತೇಲುತ್ತ ಬೇಟೆಯಾಡುತ್ತವೆ, ಮರಗಳ ಅಡ್ಡಿಯಿಲ್ಲದ ಕಾರಣ ಒಂದೇ ಹಕ್ಕಿಯನ್ನು ಬಹಳ ಹೊತ್ತು ಕಣ್ಣಿನಲ್ಲೇ ಹಿಂಬಾಲಿಸಬಹುದು.

ಮೊದಲ ಸಲ ಬರುವವರಿಗೆ ನಾನು ಎಳ್ಳ ಅಮಾವಾಸ್ಯೆಯ ಆಸುಪಾಸನ್ನೇ ಸೂಚಿಸುತ್ತೇನೆ. ಆಗ ಜೋಳ ಎತ್ತರಕ್ಕೆ ಬೆಳೆದಿರುತ್ತದೆ, ಚರಗ ಚೆಲ್ಲಲು, ಅಂದರೆ ಭೂತಾಯಿಗೆ ನೈವೇದ್ಯವಾಗಿ ಅಡುಗೆಯನ್ನು ಹೊಲದಲ್ಲಿ ಚೆಲ್ಲಲು, ಮನೆಮಂದಿಯೆಲ್ಲ ಹೊಲಕ್ಕೆ ಬಂದಿರುತ್ತಾರೆ. ಬದುವಿನ ಮೇಲೆ ನಡೆಯಲೇ ಎಂದು ಕೇಳಿದವರನ್ನು ಅವರು ಊಟಕ್ಕೂ ಕೂರಿಸಿಕೊಳ್ಳುತ್ತಾರೆ.